ನಮ್ಮವರೆಂಬ ಪಕ್ಷಪಾತ: ಸ್ತ್ರೀಪುರುಷಭೇದ ಮತ್ತು ಪ್ರೇರಣೆಯ ರೀತಿ

ಪುಣೆಯ ಕ್ಯಾಂಪಿನಲ್ಲಿ ನಾಲ್ಕು ವರ್ಷ ವಾಸಮಾಡಿದವನು ‘ನಮ್ಮವರು’, ‘ಹೊರಗಿನವರು’ ಎಂಬ ಎರಡು ಮಾತುಗಳ ಅರ್ಥವನ್ನು ಗ್ರಂಥಗಳಿಂದ ತಿಳಿಯಬೇಕಾದುದಿಲ್ಲ. 1817ರ ಖಡಕಿಯ ಕಾಳಗದ ತರುವಾಯ ಕಂಪನಿಯ ಸೈನ್ಯವು ಪೇಶವೆಯರ ಪಟ್ಟಣದ ಪೂರ್ವಕ್ಕೆ ಬೀಡುಬಿಟ್ಟಿತು. ಸೈನ್ಯದ ಬೆನ್ನ ಹಿಂದೆ ಪಾರಸಿಗಳು, ಬೋಹರರು, ಬಗ್ದಾದಿನ ಯೆಹೂದ್ಯರು, ಗೋವೆಯ ಕ್ರೈಸ್ತರು, ತಮಿಳರು ಬಂದರು. 1947ರ ದೇಶವಿಭಜನೆಯ ಬಳಿಕ ಸಿಂಧಿಗಳು ಬಂದರು. 1825ರ ಸೇಂಟ್ ಮೇರಿ ಇಗರ್ಜಿಯೂ, ಡೇವಿಡ್ ಸಸೂನರ ಹಣದಿಂದ ಕಟ್ಟಲ್ಪಟ್ಟು 1867ರಲ್ಲಿ ಮುಗಿದ ಕೆಂಪು ಇಟ್ಟಿಗೆಯ ಯೆಹೂದ್ಯ ಮಂದಿರವೂ (ಜನರ ಬಾಯಲ್ಲಿ ಇದು ‘ಲಾಲ್ ದೇವಳ’) ಇಂದಿಗೂ ನಿಂತಿವೆ. ಪ್ರತಿಯೊಂದು ಜನವೂ ತನ್ನದೇ ಆದ ಪ್ರಾರ್ಥನೆಯ ಮನೆ, ತನ್ನದೇ ಆದ ಶಾಲೆ, ತನ್ನದೇ ಆದ ಧರ್ಮನಿಧಿಗಳನ್ನು ಮಾಡಿಕೊಂಡಿತು. ತಡವಾಗಿ ಬಂದ ನಾವು ಕನ್ನಡಿಗರೂ ಒಂದು ಸಂಘವನ್ನು ಕಟ್ಟಿಕೊಂಡೆವು. ಹೀಗಿರುವಲ್ಲಿ ತನ್ನವರ ಮೇಲಣ ಪಕ್ಷಪಾತವೆಂಬುದು ಇಲ್ಲಿ ದೋಷವೆಂದು ತೋರುವುದೇ ಇಲ್ಲ; ಅದು ಬೀದಿಯ ರಚನೆಯಲ್ಲಿಯೇ ಸೇರಿಹೋಗಿದೆ.

ಈ ವಿಷಯವನ್ನು ನಾನು ಶಾಸ್ತ್ರದ ಕುತೂಹಲದಿಂದ ಮಾತ್ರ ಎತ್ತಿಕೊಂಡವನಲ್ಲ. ಕೆಲವು ವರ್ಷಗಳ ಹಿಂದೆ ಕ್ಯಾಂಪಿನ ಒಂದು ಬ್ಯಾಂಕಿನ ಶಾಖೆಯಲ್ಲಿ ನಾನು ಅಧಿಕಾರಿಯಾಗಿದ್ದಾಗ ಒಂದೇ ವಾರದಲ್ಲಿ ಎರಡು ಅರ್ಜಿಗಳು ನನ್ನ ಮೇಜಿಗೆ ಬಂದವು. ಮೊದಲನೆಯದು ಕುಂದಾಪುರದ ಕಡೆಯ ಒಬ್ಬ ಹೊಟೇಲು ಮಾಲಿಕರದು. ಅವರ ಅಂಗಡಿಯ ಬಾಡಿಗೆಯ ಕರಾರು ನವೀಕರಣವಾಗಿರಲಿಲ್ಲ. “ನೀವು ನಮ್ಮವರೇ ಅಲ್ವಾ ಸಾರ್” ಎಂದು ಅವರು ಒಂದು ಮಾತು ಆಡಿದರು, ಅಷ್ಟೆ. ಕರಾರಿಲ್ಲದೆಯೂ ಸಾಲಕ್ಕೆ ಸಾಕಾಗುವ ಬೇರೆ ಪತ್ರಗಳು ಯಾವುವೆಂದು ನಾನು ಹಳೆಯ ಸುತ್ತೋಲೆಗಳನ್ನು ಸಂಜೆಯವರೆಗೆ ತಿರುವಿಹಾಕಿದೆನು, ಕಂಡುಹಿಡಿದೆನು, ಸಾಲ ಮಂಜೂರಾಯಿತು. ನಿಯಮವನ್ನು ಎಲ್ಲಿಯೂ ಮೀರಲಿಲ್ಲವೆಂಬುದು ನಿಜ.

ಎರಡನೆಯದು ಹದಿನಾಲ್ಕು ಮಂದಿ ಹೆಂಗಸರ ಒಂದು ಬಚತ್ ಗಟದ್ದು. ಇಂಡಿ, ಅಫಜಲಪುರಗಳ ಕಡೆಯಿಂದ ಗಾರೆಯ ಕೆಲಸಕ್ಕೆಂದು ಬಂದು ನೆಲೆಸಿದವರು. ಉಳಿತಾಯದ ಒಂದು ಖಾತೆಯನ್ನು ತೆರೆಯಬೇಕೆಂಬುದಷ್ಟೆ ಅವರ ಬೇಡಿಕೆ. ನಾನು ಹದಿನಾಲ್ಕೂ ಜನರ ಗುರುತಿನ ಪತ್ರ, ವಿಳಾಸದ ಪತ್ರಗಳನ್ನು ಕೇಳಿದೆನು. ಐದಾರು ಮಂದಿಯ ಬಳಿ ಅವು ಸರಿಯಾಗಿರಲಿಲ್ಲ. ಅವರ ಮುಖಂಡಳು, “ಸಾಹೇಬ್ರ, ನಾವೂ ನಿಮ್ಮ ಕಡೆಯವರ ಅದೀವ್ರಿ” ಎಂದಳು. ನಾನು ಧಾರವಾಡದವನು, ಆಕೆಯ ಮಾತು ಕುಂದಾಪುರದವರ ಮಾತಿಗಿಂತ ನನ್ನ ಮಾತಿಗೆ ಎಷ್ಟೋ ಹತ್ತಿರ. ಆದರೂ ಪತ್ರಗಳನ್ನು ತನ್ನಿರೆಂದು ಕಳುಹಿಸಿಬಿಟ್ಟೆನು. ಸ್ವಸಹಾಯ ಸಂಘದ ಉಳಿತಾಯದ ಖಾತೆಗೆ ಎಲ್ಲ ಸದಸ್ಯರ ಪತ್ರಗಳು ಬೇಕಿಲ್ಲ, ಪದಾಧಿಕಾರಿಗಳದು ಇದ್ದರೆ ಸಾಕು ಎಂಬುದಾಗಿ ರಿಸರ್ವ್ ಬ್ಯಾಂಕಿನ ನಿರ್ದೇಶವೇ ಇದೆ. ಅದನ್ನು ನಾನು ಹುಡುಕಲಿಲ್ಲ. ಹುಡುಕಿದವರು ನನ್ನ ಪಕ್ಕದ ಮೇಜಿನ ಮರಾಠಿ ಸಹೋದ್ಯೋಗಿನಿ. ಆ ಹೆಂಗಸರಲ್ಲಿ ಒಬ್ಬಳು ಅವರ ವಸತಿಸಂಕೀರ್ಣದ ಕಾಂಪೌಂಡು ಗೋಡೆಯನ್ನು ಕಟ್ಟುವಾಗ ಆರು ತಿಂಗಳು ಅಲ್ಲಿಯೇ ಬಿಡಾರ ಮಾಡಿದ್ದಳಂತೆ. ಅವಳ ಮಗುವಿಗೆ ಇವರು ಹಾಲು ಕೊಟ್ಟಿದ್ದರಂತೆ. ಮರುದಿನ ಖಾತೆ ತೆರೆಯಿತು.

ಒಂದು ಪ್ರಸಂಗದಿಂದ ಯಾವ ಸಿದ್ಧಾಂತವೂ ಹೊರಡುವುದಿಲ್ಲವೆಂಬುದನ್ನು ನಾನು ಬಲ್ಲೆ. ಆದರೆ ಈ ಪ್ರಸಂಗದಲ್ಲಿ ಎರಡು ಪ್ರಶ್ನೆಗಳು ಹೆಣೆದುಕೊಂಡಿವೆ. ಒಬ್ಬರಿಗೆ ದಾರಿ ಹುಡುಕಿದ ಮನಸ್ಸು ಇನ್ನೊಬ್ಬರಿಗೆ ಅಡ್ಡಿ ಹುಡುಕಿದುದೇಕೆ? ನನಗೆ ‘ನಮ್ಮವರು’ ಎಂದು ಕಂಡವರು ಆ ಸಹೋದ್ಯೋಗಿನಿಗೆ ಕಂಡವರಿಗಿಂತ ಬೇರೆಯಾದುದೇಕೆ? ಮೊದಲನೆಯದು ಪ್ರೇರಣೆಗೆ ಸಂಬಂಧಿಸಿದುದು, ಎರಡನೆಯದು ಸ್ತ್ರೀಪುರುಷಭೇದಕ್ಕೆ. ಈ ಎರಡನ್ನೂ ಕುರಿತು ಮನಶ್ಶಾಸ್ತ್ರಜ್ಞರು ಕಳೆದ ಅರ್ಧಶತಮಾನದಲ್ಲಿ ಮಾಡಿರುವ ಕೆಲಸವನ್ನು ನಮ್ಮ ವಾಚಕರ ಮುಂದಿಟ್ಟು, ನಮ್ಮ ನಾಡಿನ ಸಂಗತಿಗಳೊಡನೆ ಹೋಲಿಸಿ ನೋಡುವುದು ಈ ಲೇಖನದ ಉದ್ದೇಶ.

ಸ್ವಗಣ, ಪರಗಣ ಎಂದು ನಾವು ಕನ್ನಡಿಸಬಹುದಾದ ವಿಭಾಗವನ್ನು ಅಮೆರಿಕದ ಸಮಾಜಶಾಸ್ತ್ರಜ್ಞ ವಿಲಿಯಂ ಗ್ರಹಾಂ ಸಮ್ನರ್ ತಮ್ಮ 1906ರ ‘ಫೋಕ್‌ವೇಸ್’ ಎಂಬ ಗ್ರಂಥದಲ್ಲಿ ಪ್ರಚಾರಕ್ಕೆ ತಂದರು. ಒಳಗಿನ ಒಲವೂ ಹೊರಗಿನ ಹಗೆಯೂ ಒಂದೇ ನಾಣ್ಯದ ಎರಡು ಮುಖಗಳೆಂದು ಅವರ ಮತ. ಬಹುಕಾಲ ಇದನ್ನು ಯಾರೂ ಪರೀಕ್ಷಿಸಲಿಲ್ಲ. ಪರೀಕ್ಷಿಸಿದವರಲ್ಲಿ ಮುಖ್ಯರಾದ ಹೆನ್ರಿ ತಾಜ್ಫೆಲ್ ಪೋಲಂಡಿನ ಯೆಹೂದ್ಯರು. ಫ್ರೆಂಚ್ ಸೈನ್ಯದಲ್ಲಿದ್ದು ಜರ್ಮನರ ಸೆರೆಯಾಳಾಗಿ, ಯುದ್ಧ ಮುಗಿದು ಹಿಂದಿರುಗಿದಾಗ ಅವರ ಬಂಧುಬಳಗದಲ್ಲಿ ಬಹುಮಂದಿ ಉಳಿದಿರಲಿಲ್ಲ. ಈ ಪ್ರಶ್ನೆಯು ಅವರಿಗೆ ಎಂಥ ತೂಕದ್ದಾಗಿತ್ತೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ತಾಜ್ಫೆಲ್ ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ 14–15 ವಯಸ್ಸಿನ 64 ಮಂದಿ ಶಾಲೆಯ ಹುಡುಗರನ್ನು ಎರಡು ಗುಂಪು ಮಾಡಿದರು. ತೆರೆಯ ಮೇಲೆ ಮಿಂಚಿ ಮಾಯವಾದ ಚುಕ್ಕೆಗಳನ್ನು ಹೆಚ್ಚಾಗಿ ಅಂದಾಜು ಮಾಡಿದವರು ಒಂದು ಗುಂಪು, ಕಡಿಮೆ ಮಾಡಿದವರು ಇನ್ನೊಂದು ಗುಂಪು ಎಂದು ಹುಡುಗರಿಗೆ ಹೇಳಲಾಯಿತು. ವಾಸ್ತವವಾಗಿ ಹಂಚಿಕೆ ಯಾದೃಚ್ಛಿಕ. ಇನ್ನೊಂದು ಪ್ರಯೋಗದಲ್ಲಿ ಕ್ಲೀ ಎಂಬ ಚಿತ್ರಕಾರನ ಚಿತ್ರಗಳನ್ನು ಮೆಚ್ಚಿದವರು, ಕಾಂಡಿನ್‌ಸ್ಕಿಯ ಚಿತ್ರಗಳನ್ನು ಮೆಚ್ಚಿದವರು ಎಂಬ ವಿಭಾಗ. ಯಾರು ಯಾವ ಗುಂಪಿನವರೆಂದು ಒಬ್ಬರಿಗೊಬ್ಬರು ಅರಿಯರು. ಹಳೆಯ ಜಗಳವಿಲ್ಲ, ಮುಂದಿನ ಸಂಬಂಧವಿಲ್ಲ. ತರುವಾಯ ಹೆಸರಿಲ್ಲದ ಇಬ್ಬರಿಗೆ ಹಣ ಹಂಚಬೇಕು. ತನಗೆ ತಾನೇ ಕೊಟ್ಟುಕೊಳ್ಳುವಂತಿಲ್ಲ. ಒಂದು ಪಟ್ಟಿಯ ಒಂದು ತುದಿಯಲ್ಲಿ ತನ್ನವನಿಗೆ 19, ಎದುರಿನವನಿಗೆ 25. ನಡುವೆ 13, 13. ಮತ್ತೊಂದು ತುದಿಯಲ್ಲಿ ತನ್ನವನಿಗೆ 7, ಎದುರಿನವನಿಗೆ 1. ತನ್ನವನಿಗೆ ಲಾಭವಾಗಬೇಕೆಂಬುದೇ ಗುರಿಯಾಗಿದ್ದರೆ 19ನ್ನು ಆರಿಸಬೇಕು. ಹುಡುಗರ ಮನಸ್ಸನ್ನು ಬಲವಾಗಿ ಎಳೆದುದು ಬೇರೊಂದು: ನಮ್ಮವನಿಗೆ ಕಡಿಮೆ ಬಂದರೂ ಚಿಂತೆಯಿಲ್ಲ, ಎದುರಿನವನಿಗಿಂತ ಮೇಲಾಗಲಿ. 1970ರಲ್ಲಿ ಪ್ರಕಟವಾದ ಈ ಫಲಿತಾಂಶವನ್ನು ಓದಿ ಬೆಚ್ಚದವರು ವಿರಳ.

ಇದರಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಒಂದು, ತಾಜ್ಫೆಲ್ ಪರೀಕ್ಷಿಸಿದವರೆಲ್ಲ ಗಂಡುಹುಡುಗರು. ಇದಕ್ಕೂ ಮೊದಲು 1954ರಲ್ಲಿ ಮುಜಫರ್ ಶೆರೀಫ್ ಅಮೆರಿಕದ ಒಕ್ಲಹೋಮಾದ ಒಂದು ವನದಲ್ಲಿ ಎರಡು ತಂಡಗಳನ್ನು ಕಾದಾಡಿಸಿ, ಮತ್ತೆ ಒಂದುಗೂಡಿಸಿ ತೋರಿಸಿದ ಪ್ರಸಿದ್ಧ ಪ್ರಯೋಗದಲ್ಲಿಯೂ ಇದ್ದವರು 22 ಗಂಡುಹುಡುಗರೇ. ಮನುಷ್ಯಸ್ವಭಾವವೆಂದು ಗ್ರಂಥಗಳಲ್ಲಿ ನಾವು ಓದಿದುದರಲ್ಲಿ ಎಷ್ಟು ಪಾಲು ಬಾಲಕಸ್ವಭಾವವೋ! ಎರಡು, ಜಪಾನಿನ ತೋಶಿಯೋ ಯಮಾಗಿಶಿ ಮತ್ತು ಅವರ ಸಂಗಡಿಗರು 1993ರಲ್ಲಿ ಈ ಪ್ರಯೋಗದಲ್ಲಿ ಒಂದೇ ಒಂದು ಅಂಶವನ್ನು ಬದಲಿಸಿ ನೋಡಿದರು. ಹಂಚುವವನ ಸ್ವಂತ ಸಂಭಾವನೆ ಇತರರ ಹಂಚಿಕೆಯನ್ನು ಅವಲಂಬಿಸದಂತೆ ಮೊದಲೇ ಗೊತ್ತುಮಾಡಿದಾಗ ಪಕ್ಷಪಾತವು ಮಾಯವಾಯಿತು. ಎಂದರೆ ತನ್ನವರಿಗೆ ಕೊಡುವವನು, ತನ್ನವರು ತನಗೆ ಕೊಡುವರೆಂಬ ನಿರೀಕ್ಷೆಯಿಂದಲೇ ಕೊಡುತ್ತಾನೆ. ಊರಿನ ಮುಯ್ಯಿಯ ಲೆಕ್ಕವನ್ನು ಬಲ್ಲ ನಮಗೆ ಇದೇನು ಆಶ್ಚರ್ಯದ ಮಾತಲ್ಲ.

ಇನ್ನು ಪ್ರೇರಣೆಯ ವಿಚಾರ. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಟೋರಿ ಹಿಗಿನ್ಸ್ 1997ರಲ್ಲಿ ಮಂಡಿಸಿದ ಸಿದ್ಧಾಂತದ ಪ್ರಕಾರ ಮನುಷ್ಯನು ತನ್ನ ಗುರಿಗಳನ್ನು ಎರಡು ರೀತಿಗಳಲ್ಲಿ ಬೆನ್ನಟ್ಟುತ್ತಾನೆ. ಒಂದನ್ನು ಗಳಿಕೆಯ ಪ್ರೇರಣೆ ಎನ್ನೋಣ. ಏನು ದೊರಕೀತು, ಎಲ್ಲಿಗೆ ಏರಿಯೇನು ಎಂಬ ಕಡೆ ಅದರ ದೃಷ್ಟಿ. ಮತ್ತೊಂದು ಕಾಪಿನ ಪ್ರೇರಣೆ. ಏನು ಕಳೆದುಹೋದೀತು, ಎಲ್ಲಿ ತಪ್ಪಾದೀತು ಎಂಬ ಕಡೆ ಇದರ ದೃಷ್ಟಿ. ಒಬ್ಬೊಬ್ಬರಲ್ಲಿ ಒಂದೊಂದು ಪ್ರಬಲವಾಗಿರುವುದುಂಟು. ಸನ್ನಿವೇಶವೂ ಒಂದನ್ನು ಎಬ್ಬಿಸಿ ಇನ್ನೊಂದನ್ನು ಮಲಗಿಸುವುದುಂಟು. ಹಿಗಿನ್ಸರೂ ಅವರ ಸಹಕಾರಿಗಳಾದ ಜೇಮ್ಸ್ ಶಾ, ಪೈಜ್ ಬ್ರೇಜಿ ಎಂಬವರೂ 2004ರಲ್ಲಿ ಇದನ್ನು ಸ್ವಗಣಪಕ್ಷಪಾತಕ್ಕೆ ಅನ್ವಯಿಸಿದರು. ಅವರ ಒಂದು ಪ್ರಯೋಗ ಬಹು ಸ್ವಾರಸ್ಯವಾದುದು: ಸ್ಪರ್ಧೆಗೆ ಮುಂಚೆ ಕಾಯುವ ಕೋಣೆಯಲ್ಲಿ ಒಂದು ಕುರ್ಚಿಯ ಮೇಲೆ ಯಾರದೋ ಸಾಮಾನು ಇದೆ, ಅದು ಜೊತೆಯಾಟಗಾರನದೆಂದೋ ಎದುರಾಳಿಯದೆಂದೋ ಹೇಳಲಾಗಿದೆ, ಬಂದವನು ಅದಕ್ಕೆ ಎಷ್ಟು ಸಮೀಪ ಕುಳಿತಾನು? ಗಳಿಕೆಯ ಪ್ರೇರಣೆ ಬಲವಾಗಿದ್ದವರು ತಮ್ಮವನ ಸಮೀಪಕ್ಕೆ ಸರಿದರು. ಕಾಪಿನ ಪ್ರೇರಣೆ ಬಲವಾಗಿದ್ದವರು ಎದುರಾಳಿಯಿಂದ ದೂರಕ್ಕೆ ಸರಿದರು.

ಪಕ್ಷಪಾತವೆಂದು ನಾವು ಒಂದೇ ಹೆಸರಿನಿಂದ ಕರೆಯುವುದು ಹೀಗೆ ಎರಡಾಗಿ ಒಡೆಯುತ್ತದೆ: ತನ್ನವರನ್ನು ಬಳಿಗೆ ಸೆಳೆಯುವುದು ಒಂದು, ಪರರನ್ನು ದೂರವಿಡುವುದು ಇನ್ನೊಂದು. ಸಮ್ನರ್ ಹೇಳಿದಂತೆ ಇವು ಒಂದಕ್ಕೊಂದು ಅಂಟಿಕೊಂಡೇ ಇರಬೇಕೆಂಬ ನಿಯಮವಿಲ್ಲವೆಂದು ಮರಿಲಿನ್ ಬ್ರೂಯರ್ ಎಂಬ ವಿದುಷಿ 1999ರಲ್ಲಿ ವಿವರವಾಗಿ ವಾದಿಸಿದ್ದಾರೆ. ಲೋಕದಲ್ಲಿ ನಡೆಯುವ ಭೇದಭಾವದಲ್ಲಿ ದೊಡ್ಡ ಭಾಗವು ಹಗೆಯಿಂದ ಹುಟ್ಟಿದ್ದಲ್ಲ, ಒಲವನ್ನು ಒಳಗಿನವರಿಗೆ ಮಾತ್ರ ಮೀಸಲಿಟ್ಟುದರಿಂದ ಹುಟ್ಟಿದ್ದು ಎಂದು ಅವರ ಅಭಿಪ್ರಾಯ.

ಬ್ಯಾಂಕಿನ ನೌಕರಿಯಲ್ಲಿ ಇಪ್ಪತ್ತು ವರ್ಷ ಕಳೆದವನಾಗಿ ಇದಕ್ಕೆ ನಾನು ಒಂದು ಮಾತನ್ನು ಕೂಡಿಸಬಯಸುತ್ತೇನೆ. ಸಂಸ್ಥೆಗಳಿಗೂ ಪ್ರೇರಣೆಯ ರೀತಿಯುಂಟು. ಕೊಟ್ಟು ಕೆಟ್ಟ ಸಾಲಕ್ಕೆ ವಿಚಾರಣೆ ನಡೆಯುತ್ತದೆ. ಕೊಡದೆ ಬಿಟ್ಟ ಒಳ್ಳೆಯ ಸಾಲಕ್ಕೆ ವಿಚಾರಣೆ ಇಲ್ಲ, ಅದು ಯಾವ ಪುಸ್ತಕದಲ್ಲಿಯೂ ದಾಖಲಾಗುವುದಿಲ್ಲ. ಆದುದರಿಂದ ಅಧಿಕಾರಿಯ ಶಿಕ್ಷಣವೆಲ್ಲ ಕಾಪಿನ ಶಿಕ್ಷಣ. ಈ ಕಾಪಿನ ಬೇಲಿಯನ್ನು ಸ್ವಲ್ಪ ಸಡಿಲಿಸಿ ಗಳಿಕೆಯ ಕಡೆಗೆ ಕಣ್ಣು ಹಾಯಿಸುವಂತೆ ಅವನನ್ನು ಮಾಡುವುದು ಎದುರಿಗೆ ಕುಳಿತವನ ಮೇಲಣ ನಂಬಿಕೆ. ಆ ನಂಬಿಕೆಯು ಊರು, ಭಾಷೆ, ಜಾತಿಗಳ ದಾರಿಯಿಂದ ಬಲುಬೇಗ ಬರುತ್ತದೆ. ಕುಂದಾಪುರದವರ ಅರ್ಜಿಗೆ ನಾನು ಗಳಿಕೆಯ ಮನಸ್ಸಿನಿಂದಲೂ, ಗಾರೆಯ ಹೆಂಗಸರ ಅರ್ಜಿಗೆ ಕಾಪಿನ ಮನಸ್ಸಿನಿಂದಲೂ ನಿಯಮಪುಸ್ತಕವನ್ನು ತೆರೆದೆನು. ಪುಸ್ತಕ ಒಂದೇ. ತನಿಖೆಗೆ ಬಂದವರು ಎರಡು ಕಡತಗಳಲ್ಲಿಯೂ ತಪ್ಪನ್ನು ಕಾಣಲಾರರು.

ಈ ಊಹೆಗೆ ನಮ್ಮ ದೇಶದಲ್ಲಿಯೇ ಆಧಾರ ದೊರೆತಿದೆ. ರೇಮಂಡ್ ಫಿಸ್ಮನ್, ಡೇನಿಯಲ್ ಪರಾವಿಸಿನಿ, ವಿಕ್ರಾಂತ್ ವಿಗ್ ಎಂಬ ಅರ್ಥಶಾಸ್ತ್ರಜ್ಞರು ಭಾರತದ ಒಂದು ಸರಕಾರಿ ಬ್ಯಾಂಕಿನ ಸಾಲಗಳನ್ನು ಪರಿಶೀಲಿಸಿ 2017ರಲ್ಲಿ ಪ್ರಕಟಿಸಿದರು. ಶಾಖೆಯ ಅಧಿಕಾರಿ ವರ್ಗವಾಗಿ ಹೋಗುತ್ತಿರುವುದರಿಂದ, ಅದೇ ಊರಿನ ಸಾಲಗಾರರಿಗೆ ತಮ್ಮ ಮತ ಅಥವಾ ಜಾತಿಯ ಅಧಿಕಾರಿ ಇದ್ದಾಗಲೂ ಇಲ್ಲದಾಗಲೂ ಏನಾಯಿತೆಂದು ಹೋಲಿಸುವುದು ಸಾಧ್ಯವಾಯಿತು. ತಮ್ಮವನಿದ್ದಾಗ ಸಾಲ ಹೆಚ್ಚು ದೊರೆಯಿತು, ಅಡವು ಕಡಿಮೆ ಸಾಕಾಯಿತು. ಇಷ್ಟನ್ನು ಯಾರೂ ಊಹಿಸಬಹುದು. ಊಹಿಸಲಾಗದ ಮಾತೆಂದರೆ, ಆ ಸಾಲಗಳು ಹೆಚ್ಚು ಚೆನ್ನಾಗಿ ಮರಳಿ ಬಂದವು. ಆಲೋಚಿಸಿದರೆ ಕಾರಣ ತಿಳಿಯುತ್ತದೆ: ತನ್ನವರಲ್ಲಿ ಯಾರು ನಂಬತಕ್ಕವರು, ಯಾರು ಅಲ್ಲ ಎಂಬುದು ಅಧಿಕಾರಿಗೆ ಗೊತ್ತು. ಪಕ್ಷಪಾತದೊಳಗೆ ಜ್ಞಾನವೂ ಬೆರೆತಿದೆ. ಆದರೆ ಅದೇ ಬ್ಯಾಂಕಿನ ಕುರಿತು 2020ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದ ಚಿತ್ರ ಬೇರೆ. ಚಿಕ್ಕಂದಿನಲ್ಲಿ ಮತೀಯ ದಂಗೆಗಳನ್ನು ಕಂಡ ಹಿಂದೂ ಅಧಿಕಾರಿಗಳು ಮುಸಲ್ಮಾನರಿಗೆ ಕಡಿಮೆ ಸಾಲ ಕೊಟ್ಟರು. ವರ್ಷಗಳು ಕಳೆದರೂ ಅದು ಮಾಸಲಿಲ್ಲ. ಅವರು ಕೊಟ್ಟ ಕೆಲವೇ ಸಾಲಗಳು ಚೆನ್ನಾಗಿ ಮರಳಿ ಬಂದುದರಿಂದ, ಕೊಡದೆ ಹೋದುದು ಜ್ಞಾನದಿಂದಲ್ಲವೆಂಬುದು ಸ್ಪಷ್ಟ. ಮೊದಲನೆಯದು ಸೆಳೆಯುವ ಪಕ್ಷಪಾತ, ಎರಡನೆಯದು ದೂರವಿಡುವ ಪಕ್ಷಪಾತ. ಒಂದರಲ್ಲಿ ಲೆಕ್ಕವಿದೆ, ಇನ್ನೊಂದರಲ್ಲಿ ಗಾಯವಿದೆ.

ಕನ್ನಡ ನಾಡಿನ ಬ್ಯಾಂಕುಗಳ ಚರಿತ್ರೆಯೇ ಸ್ವಗಣದ ನಂಬಿಕೆಯ ಚರಿತ್ರೆ. ಸಮ್ನರರ ಗ್ರಂಥ ಹೊರಬಂದ 1906ನೆಯ ಇಸವಿಯಲ್ಲಿಯೇ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಕೆನರಾ ಬ್ಯಾಂಕಿನ ಮೂಲವಾದ ನಿಧಿಯನ್ನೂ, ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಹಾಜಿ ಕಾಸಿಂ ಸಾಹೇಬರು ಕಾರ್ಪೊರೇಶನ್ ಬ್ಯಾಂಕಿನ ಮೂಲಸಂಸ್ಥೆಯನ್ನೂ ತೆರೆದರು. ಮುಂಬಯಿಯಲ್ಲಿ ಚಿತ್ರಾಪುರ ಸಾರಸ್ವತರ ಶಾಮರಾವ್ ವಿಠ್ಠಲ ಸಹಕಾರಿ ಬ್ಯಾಂಕು ಹುಟ್ಟಿದ್ದೂ ಆಗಲೇ. 1931ರಲ್ಲಿ ಎ. ಬಿ. ಶೆಟ್ಟರ ಮುಂದಾಳುತನದಲ್ಲಿ ಬಂಟರು ವಿಜಯಾ ಬ್ಯಾಂಕನ್ನು ಕಟ್ಟಿದರು. ಇವುಗಳಲ್ಲಿ ಬಹುತೇಕ ಒಂದೊಂದು ಸಮುದಾಯದ ಒಳಗಿನ ವಿಶ್ವಾಸವನ್ನೇ ಮೂಲಧನವಾಗಿ ಮಾಡಿಕೊಂಡು ಹೊರಟವು. ಸ್ವಗಣದ ಒಲವು ಗಳಿಕೆಯ ಪ್ರೇರಣೆಯೊಡನೆ ಕೂಡಿದಾಗ ಬಾಗಿಲು ಹೊರಕ್ಕೂ ತೆರೆಯುತ್ತದೆಂಬುದಕ್ಕೆ ಇವು ಸಾಕ್ಷಿ; ಠೇವಣಿ ಬೆಳೆಯಬೇಕಾದರೆ ಪರರನ್ನು ಒಳಗೆ ಕರೆಯಲೇಬೇಕಲ್ಲ! ಉಡುಪಿಯ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಆರಂಭಿಸಿದ ಪಿಗ್ಮಿ ಯೋಜನೆಯಲ್ಲಿ ಏಜೆಂಟನು ದಿನದಿನವೂ ಮನೆಬಾಗಿಲಿಗೆ ಹೋಗಿ ಪುಡಿಗಾಸನ್ನು ಸಂಗ್ರಹಿಸುತ್ತಿದ್ದನು. ಅಲ್ಲಿ ಕೈನೀಡಿ ಹಣ ಕೊಟ್ಟವರಲ್ಲಿ ಹೆಂಗಸರು ಕಡಿಮೆಯಿರಲಿಲ್ಲ. ಅದೇ ಬ್ಯಾಂಕು 1962ರಲ್ಲಿ ಬೆಂಗಳೂರಿನ ಶೇಷಾದ್ರಿಪುರದಲ್ಲಿ ಹೆಂಗಸರೇ ನಡೆಸುವ ಶಾಖೆಯನ್ನು ತೆರೆಯಿತು. ವಿಜಯಾ ಬ್ಯಾಂಕು 2019ರಲ್ಲಿ, ಸಿಂಡಿಕೇಟ್ ಮತ್ತು ಕಾರ್ಪೊರೇಶನ್ ಬ್ಯಾಂಕುಗಳು 2020ರಲ್ಲಿ ಬೇರೆ ಬ್ಯಾಂಕುಗಳಲ್ಲಿ ಲೀನವಾದವು.

ಈಗ ಸ್ತ್ರೀಪುರುಷಭೇದಕ್ಕೆ ಬರೋಣ. ಹೆಂಗಸರಲ್ಲಿ ಪಕ್ಷಪಾತ ಹೆಚ್ಚೋ ಗಂಡಸರಲ್ಲಿ ಹೆಚ್ಚೋ ಎಂದು ಕೇಳುವುದು ವ್ಯರ್ಥ; ಅಳೆಯುವ ಗುಂಪು ಬದಲಾದಂತೆ ಉತ್ತರವೂ ಬದಲಾಗುತ್ತದೆ. ಲಾರಿ ರಡ್ಮನ್, ಸ್ಟೆಫನಿ ಗುಡ್ವಿನ್ ಎಂಬವರು 2004ರಲ್ಲಿ ತೋರಿಸಿದಂತೆ, ಯೋಚಿಸುವ ಮೊದಲೇ ಮೂಡುವ ಒಲವನ್ನು ಅಳೆದರೆ ಹೆಂಗಸರು ಹೆಂಗಸರನ್ನು ಮೆಚ್ಚುವಷ್ಟು ಗಂಡಸರು ಗಂಡಸರನ್ನು ಮೆಚ್ಚುವುದಿಲ್ಲ. ಗಂಡಸರೂ ತಾಯಿಯ ಕೈತುತ್ತನ್ನು ಉಂಡು ಬೆಳೆದವರಾದುದರಿಂದ ಇದರಲ್ಲಿ ವಿಚಿತ್ರವೇನಿಲ್ಲ. ಆದರೆ ಮಾರ್ಕ್ ವಾನ್ ವುಗ್ಟ್ ಮತ್ತು ಸಂಗಡಿಗರು ಇಂಗ್ಲೆಂಡಿನಲ್ಲಿ ವಿದ್ಯಾರ್ಥಿಗಳಿಂದ ಗುಂಪಿನ ಸಾಮಾನ್ಯನಿಧಿಗೆ ಹಣ ಹಾಕಿಸಿ ನೋಡಿದಾಗ (2007) ಬೇರೊಂದು ಅಂಶ ಕಂಡಿತು. ಇತರ ವಿಶ್ವವಿದ್ಯಾಲಯಗಳ ಗುಂಪುಗಳೊಡನೆ ಪೈಪೋಟಿಯಿದೆಯೆಂದು ಹೇಳಿದೊಡನೆ ಗಂಡಸರು ಹೆಚ್ಚು ಹಣ ಹಾಕಿದರು. ಹೆಂಗಸರ ಕೊಡುಗೆ ಪೈಪೋಟಿಯ ಮಾತಿನಿಂದ ಏರಲೂ ಇಲ್ಲ, ಇಳಿಯಲೂ ಇಲ್ಲ. ಗಂಡಸಿನ ಉದಾರತೆಗೆ ಒಬ್ಬ ಎದುರಾಳಿ ಬೇಕು!

ಈ ಭೇದವನ್ನು ಶಿರಾ ಗೇಬ್ರಿಯಲ್, ವೆಂಡಿ ಗಾರ್ಡ್‌ನರ್ ಎಂಬ ಇಬ್ಬರು ಸಂಶೋಧಕಿಯರು 1999ರಲ್ಲಿ ಹೀಗೆ ವಿವರಿಸಿದರು: ಗಂಡಸರೂ ಹೆಂಗಸರೂ ಸಮಾನವಾಗಿ ಇತರರನ್ನು ಅವಲಂಬಿಸುವವರೇ, ಆದರೆ ಗಂಡಸರ ಅವಲಂಬನೆ ಗುಂಪಿನ ಕಡೆಗೆ, ಹೆಂಗಸರದು ಗುರುತುಳ್ಳ ವ್ಯಕ್ತಿಗಳ ಸಂಬಂಧದ ಕಡೆಗೆ ಹೆಚ್ಚು ವಾಲುತ್ತದೆ. ಒಬ್ಬನಿಗೆ ‘ನಮ್ಮವರು’ ಎಂದರೆ ಒಂದು ಬಾವುಟದ ಕೆಳಗೆ ನಿಂತವರು, ಅವರನ್ನು ಅವನು ಕಂಡಿರಬೇಕಾದುದಿಲ್ಲ. ಇನ್ನೊಬ್ಬಳಿಗೆ ‘ನಮ್ಮವರು’ ಎಂದರೆ ಕಂಡವರು, ಉಂಡವರು, ಹೆರಿಗೆಗೆ ಬಂದು ನಿಂತವರು. ಇದು ಸರಾಸರಿಯ ಮಾತು. ಬಾವುಟ ಹಿಡಿದ ಹೆಂಗಸರನ್ನೂ ನೆರೆಮನೆಯ ಕಷ್ಟಕ್ಕೆ ಓಡುವ ಗಂಡಸರನ್ನೂ ನಾವೆಲ್ಲ ಬಲ್ಲೆವು. ಕುಂದಾಪುರದ ಮಾಲಿಕರನ್ನು ನಾನು ಹಿಂದೆಂದೂ ಕಂಡಿರಲಿಲ್ಲ. ‘ಕನ್ನಡಿಗ’ ಎಂಬ ಒಂದು ಶಬ್ದ ಸಾಕಾಯಿತು. ಆದರೆ ಆ ಶಬ್ದದೊಳಗೆ ತಲೆಯ ಮೇಲೆ ಬುಟ್ಟಿ ಹೊತ್ತವಳು ನನಗೆ ಕಾಣಿಸಲಿಲ್ಲ. ಸಹೋದ್ಯೋಗಿನಿಗೆ ಭಾಷೆಯ ಹಂಗಿರಲಿಲ್ಲ. ಗೋಡೆ ಕಟ್ಟಿದವಳ ಗುರುತು ಇತ್ತು.

ಇದು ಹುಟ್ಟಿನ ಗುಣವೇ? ನಾನು ಹಾಗೆ ತಿಳಿಯೆನು. ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಬಹುಕಾಲ ಕೆಲಸ ಮಾಡಿದ ಇರಾವತಿ ಕರ್ವೆಯವರು 1953ರಲ್ಲಿ ಪ್ರಕಟಿಸಿದ ಭಾರತದ ಬಂಧುತ್ವ ವ್ಯವಸ್ಥೆಯ ಗ್ರಂಥವನ್ನು ಇಲ್ಲಿ ನೆನೆಯಬೇಕು. ಉತ್ತರದಲ್ಲಿ ಹೆಣ್ಣನ್ನು ಸಂಬಂಧವಿಲ್ಲದ ದೂರದ ಮನೆಗೆ ಕೊಡುತ್ತಾರೆ. ದಕ್ಷಿಣದಲ್ಲಿ ಸೋದರಮಾವನಿಗೋ, ಅತ್ತೆಯ ಅಥವಾ ಮಾವನ ಮಗನಿಗೋ ಕೊಡುವ ವಾಡಿಕೆಯಿಂದ ಆಕೆ ತನ್ನವರ ನಡುವೆಯೇ ಉಳಿಯುತ್ತಾಳೆ ಎಂದು ಅವರು ತೋರಿಸಿಕೊಟ್ಟರು. ಗಂಡಸು ಹುಟ್ಟಿದ ಗಣದಲ್ಲಿಯೇ ಸಾಯುತ್ತಾನೆ. ಹೆಂಗಸು ಗಣವನ್ನು ಬದಲಿಸಬೇಕು. ಹೆಸರು, ಕುಲದೇವತೆ, ಅಡಿಗೆಯ ರುಚಿ ಎಲ್ಲವೂ ಬದಲಾಗಬೇಕು. ಅವಳು ಬಾವುಟವನ್ನು ನಂಬಿದರೆ ಬದುಕುವುದು ಹೇಗೆ? ಒಬ್ಬೊಬ್ಬ ವ್ಯಕ್ತಿಯೊಡನೆ ಸಂಬಂಧವನ್ನು ನೇಯ್ದುಕೊಳ್ಳುವುದೊಂದೇ ಅವಳಿಗಿರುವ ದಾರಿ. ನಮ್ಮ ಕಡೆ ತವರು ಕೂಗಳತೆಯಲ್ಲಿದ್ದುದರಿಂದ ಈ ನೇಯ್ಗೆ ಸುಲಭವಾಗಿತ್ತು. ಪುಣೆಗೆ ಬಂದ ಮೇಲೆ ತವರೂ ಅತ್ತೆಮನೆಯೂ ಎರಡೂ ದೂರ. ಆಕೆ ಮತ್ತೊಮ್ಮೆ ಮೊದಲಿನಿಂದ ನೇಯಬೇಕಾಯಿತು.

ವ್ಯವಸ್ಥೆಯನ್ನು ತಿರುವುಮುರುವು ಮಾಡಿದರೆ ಗುಣಗಳೂ ತಿರುವುಮುರುವಾಗುವುದುಂಟೆಂದು 2009ರ ಒಂದು ಅಧ್ಯಯನ ಸೂಚಿಸುತ್ತದೆ. ಯೂರಿ ಗ್ನೀಜಿ, ಕೆನೆತ್ ಲಿಯೊನಾರ್ಡ್, ಜಾನ್ ಲಿಸ್ಟ್ ಎಂಬವರು ಆಫ್ರಿಕದ ಮಸಾಯಿ ಜನರಲ್ಲಿಯೂ, ತಾಯಿಯ ವಂಶದಲ್ಲಿ ಆಸ್ತಿ ಇಳಿಯುವ ಮೇಘಾಲಯದ ಖಾಸಿ ಜನರಲ್ಲಿಯೂ ಒಂದೇ ಪರೀಕ್ಷೆಯನ್ನು ಮಾಡಿದರು. ಮಸಾಯಿಗಳಲ್ಲಿ ಪೈಪೋಟಿಯನ್ನು ಆರಿಸಿಕೊಂಡವರಲ್ಲಿ ಗಂಡಸರು ಮುಂದು. ಖಾಸಿಗಳಲ್ಲಿ ಹೆಂಗಸರು ಮುಂದು. ಅಳಿಯಸಂತಾನದ ಪದ್ಧತಿಯುಳ್ಳ ತುಳುನಾಡಿನಲ್ಲಿ ಯಾರಾದರೂ ಇಂಥ ಪರೀಕ್ಷೆಯನ್ನು ಕೈಕೊಂಡರೆ ಅದರ ಫಲವನ್ನು ಓದಲು ನಾನು ಆತುರನಾಗಿದ್ದೇನೆ.

ಹೆಂಗಸರ ಪಕ್ಷಪಾತವು ವ್ಯಕ್ತಿನಿಷ್ಠವಾದುದರಿಂದ ಅದು ಉದಾರವಾದುದೆಂದು ಯಾರೂ ತೀರ್ಮಾನಿಸಬಾರದು. ಸಂಬಂಧದ ದಾರಿಗಳು ಎಲ್ಲಿ ಹರಿಯುತ್ತವೆ? ಮದುವೆ, ಮುಂಜಿ, ಅಡಿಗೆಮನೆಗಳ ಮೂಲಕ. ಎಂದರೆ ಜಾತಿಯ ಮೂಲಕ. ಸಂಘದ ಸಭೆಯಲ್ಲಿ ‘ಕನ್ನಡಿಗರೆಲ್ಲ ಒಂದು’ ಎಂದು ಭಾಷಣ ಮಾಡುವ ಗಂಡಸಿನ ಮನೆಯಲ್ಲಿ ಶ್ರಾವಣಮಾಸದ ಅರಿಸಿನ ಕುಂಕುಮಕ್ಕೆ ಯಾರು ಬಂದರೆಂದು ನೋಡಿ: ಪಕ್ಕದ ಮನೆಯ ಮರಾಠಿ ಗೃಹಿಣಿ ಬಂದಿರುತ್ತಾರೆ, ಅದು ನಮ್ಮ ಗಂಡಸರಿಂದ ಆಗದ ಕೆಲಸ; ಆದರೆ ಬೇರೆ ಜಾತಿಯ ಕನ್ನಡತಿ ಬಂದಿರುವುದು ಅಪರೂಪ. ಗಂಡಸಿನ ವೃತ್ತ ಅಗಲ, ಆದರೆ ಅದಕ್ಕೆ ಗೋಡೆಯುಂಟು. ಹೆಂಗಸಿನ ವೃತ್ತ ಕಿರಿದು. ಅದಕ್ಕೆ ಗೋಡೆಯಿಲ್ಲ, ಆದರೆ ಬಾಗಿಲು ಎಲ್ಲಿದೆಯೆಂದು ಹೊರಗಿನವರಿಗೆ ತಿಳಿಯದು.

ಈ ಕಿರಿಯ ವೃತ್ತದ ಬಲವನ್ನು ಲೇವಾದೇವಿಯಲ್ಲಿ ಮೊದಲು ಗುರುತಿಸಿದವರಲ್ಲಿ ಕರ್ನಾಟಕದ ಮೈರಾಡಾ ಸಂಸ್ಥೆಯವರಿದ್ದರು. 1980ರ ದಶಕದ ನಡುವೆ, ಒಡೆದುಹೋದ ದೊಡ್ಡ ಸಹಕಾರ ಸಂಘಗಳಿಂದ ಹೊರಬಂದ ಸಣ್ಣ ಗುಂಪುಗಳು ತಾವಾಗಿಯೇ ಹಣ ಕೂಡಿಸಿ ಸಾಲ ಕೊಟ್ಟುಕೊಳ್ಳುತ್ತಿರುವುದನ್ನು ಅವರು ಕಂಡರು. ಒಬ್ಬರನ್ನೊಬ್ಬರು ಬಲ್ಲವರು, ತಾವೇ ತಮ್ಮನ್ನು ಆರಿಸಿಕೊಂಡವರು. ನಬಾರ್ಡ್ 1987ರಲ್ಲಿ ಈ ಪ್ರಯೋಗಕ್ಕೆ 10 ಲಕ್ಷ ರೂಪಾಯಿಗಳನ್ನು ಕೊಟ್ಟಿತು. 1992ರಲ್ಲಿ 500 ಸ್ವಸಹಾಯ ಸಂಘಗಳನ್ನು ಬ್ಯಾಂಕುಗಳೊಡನೆ ಜೋಡಿಸುವ ಯೋಜನೆ ಹೊರಟಿತು. ಕಾಲಕ್ರಮದಲ್ಲಿ ಈ ಸಂಘಗಳು ಬಹುಮಟ್ಟಿಗೆ ಹೆಂಗಸರವೇ ಆದವು. ಸ್ವಗಣದ ಒಲವನ್ನೇ ಅಡವಾಗಿ ಇಟ್ಟುಕೊಳ್ಳುವ ಈ ವ್ಯವಸ್ಥೆಯು ಗಂಡಸರಲ್ಲಿ ಅಷ್ಟು ಹಿಡಿಯಲಿಲ್ಲವೇಕೆಂಬುದಕ್ಕೆ ಮೇಲಿನ ವಿವೇಚನೆಯಲ್ಲಿ ಉತ್ತರದ ಒಂದು ಅಂಶವಾದರೂ ಇದೆ.

ವಲಸೆ ಬಂದವರಾದ ನಮಗೆ ಎಲ್ಲಕ್ಕಿಂತ ಹತ್ತಿರದ ಪ್ರಶ್ನೆ ಭಯದ್ದು. ಬೆದರಿಕೆಯು ಗಳಿಕೆಯ ಪ್ರೇರಣೆಯನ್ನು ಮಲಗಿಸಿ ಕಾಪಿನ ಪ್ರೇರಣೆಯನ್ನು ಎಬ್ಬಿಸುತ್ತದೆ. 1966ರ ಜೂನ್ 19ರಂದು ಮುಂಬಯಿಯಲ್ಲಿ ಶಿವಸೇನೆ ಸ್ಥಾಪನೆಯಾಗುವ ಮುನ್ನವೇ ‘ಮಾರ್ಮಿಕ’ ವಾರಪತ್ರಿಕೆಯು ಕಚೇರಿಗಳಲ್ಲಿನ ದಕ್ಷಿಣದವರ ಹೆಸರುಗಳನ್ನು ಪಟ್ಟಿಮಾಡಿ ಅಚ್ಚು ಹಾಕುತ್ತಿತ್ತು. ದಕ್ಷಿಣದವನೊಬ್ಬ ಮೇಲೇರಿದರೆ ತನ್ನವರನ್ನೇ ತುಂಬುತ್ತಾನೆಂಬುದು ಅಲ್ಲಿನ ದೂರು. ಉಡುಪಿ ಹೊಟೇಲುಗಳ ಮೇಲೆ ಕಲ್ಲು ಬಿದ್ದುವು. ಆ ಹಿಂಸೆಯನ್ನು ಯಾರೂ ಸಮರ್ಥಿಸಲಾರರು. ಆದರೆ ದೂರಿನ ಒಳಗಿನ ಮಾತನ್ನು ನಾವು ಕೇಳಿಸಿಕೊಂಡೆವೇ? ನಮಗೆ ಅದು ಊರ ಹುಡುಗನಿಗೆ ಮಾಡಿದ ಉಪಕಾರ. ಅದೇ ಕೆಲಸಕ್ಕೆ ಅರ್ಜಿ ಹಾಕಿ ಕುಳಿತ ಗಿರಗಾವಿನ ಹುಡುಗನಿಗೆ ಅದು ಮುಚ್ಚಿದ ಬಾಗಿಲು. ಸೆಳೆಯುವ ಪಕ್ಷಪಾತವು ಒಳಗಿನಿಂದ ಒಲವಾಗಿ ಕಂಡರೂ ಹೊರಗಿನಿಂದ ದೂರವಿಡುವ ಪಕ್ಷಪಾತದಂತೆಯೇ ಕಾಣುತ್ತದೆ. 2024ರ ಜುಲೈ ತಿಂಗಳಿನಲ್ಲಿ ಕರ್ನಾಟಕದ ಮಂತ್ರಿಮಂಡಲವು ಖಾಸಗಿ ಉದ್ಯಮಗಳ ಹುದ್ದೆಗಳನ್ನು ಸ್ಥಳೀಯರಿಗೆ ಮೀಸಲಿಡುವ ಮಸೂದೆಗೆ ಒಪ್ಪಿಗೆ ಕೊಟ್ಟು, ಕೆಲವೇ ದಿನಗಳಲ್ಲಿ ತಡೆಹಿಡಿದಾಗ, ನಮ್ಮ ಸಂಘದ ಚಹಾದ ಮೇಜಿನ ಸುತ್ತ ನಡೆದ ವಾದ ಸ್ವಾರಸ್ಯವಾಗಿತ್ತು. ಮಹಾರಾಷ್ಟ್ರದಲ್ಲಿ ಹೊರಗಿನವರಾಗಿ ದುಡಿಯುವ ನಾವು ಬೆಂಗಳೂರಿನಲ್ಲಿ ಹೊರಗಿನವರನ್ನು ತಡೆಯಬೇಕೆಂದು ಮೇಜು ಕುಟ್ಟಿದೆವು. ಮೇಜು ಕುಟ್ಟಿದವರೆಲ್ಲ ಗಂಡಸರು. ಒಬ್ಬ ಹಿರಿಯ ಸದಸ್ಯೆ ಮಾತ್ರ, ಬೆಂಗಳೂರಿನಲ್ಲಿರುವ ತಮ್ಮ ಮರಾಠಿ ಸೊಸೆಯ ನೌಕರಿಯ ಗತಿಯೇನೆಂದು ಕೇಳಿದರು.

ನಮ್ಮಂಥ ಸಂಘಗಳಲ್ಲಿ ಸಾಮಾನ್ಯವಾಗಿರುವ ಒಂದು ನಿಯಮದ ಕಡೆಗೆ ಇಲ್ಲಿ ಗಮನ ಸೆಳೆಯುತ್ತೇನೆ. ವಿದ್ಯಾರ್ಥಿವೇತನ ಬೇಡುವ ಹುಡುಗನ ಅರ್ಜಿಗೆ ಇಬ್ಬರು ಆಜೀವ ಸದಸ್ಯರ ಶಿಫಾರಸು ಬೇಕು. ಹಣ ಅಪಾತ್ರರಿಗೆ ಹೋಗಬಾರದೆಂಬ ಕಾಪಿನ ಉದ್ದೇಶದಿಂದ ಮಾಡಿದ ನಿಯಮವಿದು. ಮಾಡಿದವರ ಸದುದ್ದೇಶದಲ್ಲಿ ಸಂದೇಹವಿಲ್ಲ. ಆದರೆ ಆಜೀವ ಸದಸ್ಯರ ಗುರುತುಳ್ಳವರು ಯಾರು? ಅವರ ಬಂಧುಗಳು, ಅವರ ಸಹೋದ್ಯೋಗಿಗಳ ಮಕ್ಕಳು. ಕಲಬುರಗಿ, ಯಾದಗಿರಿ, ವಿಜಯಪುರಗಳಿಂದ ಬಂದು ಈ ನಗರದ ಮಹಡಿಗಳನ್ನು ಕಟ್ಟುತ್ತಿರುವವರ ಮಕ್ಕಳು ಮನೆಯಲ್ಲಿ ಕನ್ನಡ ಮಾತಾಡುತ್ತಾರೆ, ಮರಾಠಿ ಶಾಲೆಗಳಲ್ಲಿ ಓದುತ್ತಾರೆ, ಒಬ್ಬ ಆಜೀವ ಸದಸ್ಯನ ಮುಖವನ್ನೂ ಕಂಡವರಲ್ಲ. ಇಬ್ಬರು ಸದಸ್ಯರ ಬದಲು ಶಾಲೆಯ ಒಬ್ಬ ಶಿಕ್ಷಕಿಯ ಪತ್ರ ಸಾಕೆಂದು ನಿಯಮವನ್ನು ತಿದ್ದಬಹುದೆಂದು ನನ್ನ ಸೂಚನೆ; ಆ ಮಕ್ಕಳನ್ನು ದಿನವೂ ಕಾಣುವವರು ಅವರೇ. ಕಾರ್ಯಕಾರಿ ಸಮಿತಿಯ ಮುಂದಿನ ಸಭೆಗೆ ಇದನ್ನು ಲಿಖಿತವಾಗಿ ಕಳುಹಿಸಿದ್ದೇನೆ. ಮಹಿಳಾ ವಿಭಾಗದ ಒಬ್ಬರಾದರೂ ಆಯ್ಕೆಯಲ್ಲಿ ಕುಳಿತಿರಬೇಕೆಂದೂ ಬರೆದಿದ್ದೇನೆ.

ಆ ಬಚತ್ ಗಟದ ಹೆಂಗಸರು ಈಗಲೂ ತಿಂಗಳಿಗೊಮ್ಮೆ ಹಣ ಕಟ್ಟಲು ಶಾಖೆಗೆ ಬರುತ್ತಾರಂತೆ. ನಾನು ಅಲ್ಲಿಂದ ವರ್ಗವಾಗುವವರೆಗೆ ಅವರ ಮುಖಂಡಳು ಒಂದು ದಿನವೂ ನನ್ನ ಮೇಜಿನ ಬಳಿ ನಿಲ್ಲಲಿಲ್ಲ. ನೇರವಾಗಿ ಪಕ್ಕದ ಮೇಜಿಗೆ ಹೋಗಿ, ತನಗೆ ಬಂದಷ್ಟು ಮರಾಠಿಯಲ್ಲಿ ಮಾತಾಡಿ, ಪಾಸ್‌ಬುಕ್ಕನ್ನು ಸೆರಗಿನಲ್ಲಿ ಸುತ್ತಿಕೊಂಡು ಹೊರಟುಹೋಗುತ್ತಿದ್ದಳು.